ಭದ್ರಾವತಿಯ ಕುಲುಮೆಯೂ ನಮ್ಮವರ ಶೋಧಕಬುದ್ಧಿಯೂ

ಶೋಧಕರು ಯಾರೆಂದು ಕೇಳಿದೊಡನೆ ನಮ್ಮ ಬಾಲಕರು ವಾಟ್, ಎಡಿಸನ್ ಎಂದು ಒಪ್ಪಿಸುವರು. ಒಪ್ಪಿಸಲಿ, ವಿದ್ಯೆಗೆ ಎಲ್ಲೆಯಿಲ್ಲ. ಆದರೆ ಶಿವಮೊಗ್ಗೆಯ ನೆರೆಯಲ್ಲಿಯೇ, ಕಲ್ಲಿದ್ದಲು ದೊರೆಯದ ನೆಲದಲ್ಲಿ ಕಬ್ಬಿಣ ಕರಗಿಸಿದ ಕಥೆ ಅವರಿಗೆಷ್ಟು ಗೊತ್ತು? ಹೊಸದನ್ನು ಕಾಣುವುದೊಂದೇ ಶೋಧವಲ್ಲ; ಕಂಡ ವಿದ್ಯೆಯನ್ನು ತನ್ನ ನೆಲಕ್ಕೆ ಒಗ್ಗಿಸುವುದೂ ಶೋಧವೇ ಎಂಬುದು ನಮ್ಮ ಮತ.

ಕೆಮ್ಮಣ್ಣುಗುಂಡಿಯಲ್ಲಿ ಅದಿರಿದ್ದಿತು, ಭದ್ರೆಯಲ್ಲಿ ನೀರಿದ್ದಿತು, ಮಲೆನಾಡಿನಲ್ಲಿ ಮರವಿದ್ದಿತು. ಕಲ್ಲಿದ್ದಲೊಂದೇ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಸ್ಥಾಪಿತವಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು 1923ರ ಜನವರಿಯಲ್ಲಿ ಮರದ ಇದ್ದಲಿನಿಂದಲೇ ಉರಿಯತೊಡಗಿತು. ಮರದಿದ್ದಲು ಮೆದು, ಅದಿರಿನ ಭಾರ ಮಿತಿಮೀರಿದರೆ ಪುಡಿಯಾಗಿ ಗಾಳಿಯ ದಾರಿಯನ್ನೇ ಕಟ್ಟುವುದು. ಆದಕಾರಣ ಕುಲುಮೆಯನ್ನು ಮನಬಂದಷ್ಟು ಎತ್ತರಿಸುವಂತಿಲ್ಲ. ಆದರೆ ಅದರಲ್ಲಿ ಗಂಧಕ ಅತ್ಯಲ್ಪ, ಕಬ್ಬಿಣ ಶುದ್ಧ. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಏಳುವ ಆವಿಯನ್ನು ತಣಿಸಿ, ಮದ್ಯಸಾರ, ಕೀಲೆಣ್ಣೆಗಳನ್ನೂ ಪಡೆದರು. ಹೊಗೆಯಾಗಿ ಹೋಗುವುದು ಹಣವಾಯಿತು.

ಕಾರ್ಖಾನೆಯ ಆಡಳಿತ ಮಂಡಲಿಗೆ 1923ರಲ್ಲಿ ಅಧ್ಯಕ್ಷರಾದ ವಿಶ್ವೇಶ್ವರಯ್ಯನವರು ಸ್ವತಃ ಶೋಧಕರು. ನೀರು ಏರಿದಾಗ ತಾನಾಗಿ ತೆರೆದುಕೊಳ್ಳುವ ಅವರ ತೂಬಿನ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಹೂಡಿದ್ದರು. ಇದ್ದುದರಲ್ಲಿಯೇ ಹೆಚ್ಚನ್ನು ಪಡೆಯುವ ಅದೇ ಬುದ್ಧಿ ಭದ್ರಾವತಿಯಲ್ಲಿಯೂ ಕಾಣುವುದು.

ಕಾಡು ಸವೆಯಿತೆಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೂ ಒಂದು ಉತ್ತರ ಸಿಕ್ಕಿತು. 1948ರಲ್ಲಿ ಜೋಗದ ವಿದ್ಯುತ್ತು ಬಂದಿತು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ನಿಂತವು. ಕಾವನ್ನು ವಿದ್ಯುತ್ತೇ ಕೊಡುವಾಗ, ಅದಿರಿನ ಆಮ್ಲಜನಕವನ್ನು ಕಳೆಯಲು ಮಾತ್ರ ಇದ್ದಲು ಸಾಕಷ್ಟೆ. ಶರಾವತಿಯ ನೀರು ಕಬ್ಬಿಣವನ್ನು ಕರಗಿಸಿತೆಂದರೆ ಉತ್ಪ್ರೇಕ್ಷೆಯಲ್ಲ.

ಇಂತಹ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ, ನೂರು ವರ್ಷ ತುಂಬುವ ಹೊತ್ತಿಗೇ ಹೊರಬಿದ್ದಿತು. ಕಾರ್ಮಿಕರು ಹೋರಾಡಿದರು, ಅದೇ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಚಲಿಸಿತು. ಲಾಭನಷ್ಟದ ಲೆಕ್ಕ ಲೆಕ್ಕಿಗರಿಗಿರಲಿ. ನಾವು ಕೇಳುವುದು ಬೇರೆ: ಉರಿಯ ಬಣ್ಣವನ್ನು ನೋಡಿ ಕುಲುಮೆಯ ಮನಸ್ಸನ್ನು ಅರಿತವರ ವಿದ್ಯೆ ಯಾವ ಲೆಕ್ಕಪುಸ್ತಕದಲ್ಲಿದೆ? ಯಂತ್ರ ನಿಂತರೆ ಮತ್ತೊಂದನ್ನು ತರಬಹುದು. ಕೈಯ ಅರಿವು ಆರಿದರೆ ತರುವುದೆಲ್ಲಿಂದ?

ಶಿವಮೊಗ್ಗೆಯ ಕಾಲೇಜುಗಳ ತರುಣರೇ, ನಿವೃತ್ತ ಕಾರ್ಮಿಕರ ಮನೆಬಾಗಿಲಿಗೆ ಹೋಗಿರಿ. ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ, ಕನ್ನಡದಲ್ಲಿ ಬರೆದಿಡಿರಿ. ಕುಲುಮೆಯ ವಿದ್ಯೆಯನ್ನು ತನ್ನ ನುಡಿಯಲ್ಲಿ ಉಳಿಸಿಕೊಳ್ಳದ ನಾಡು ಪರರ ಯಂತ್ರಕ್ಕೆ ಎಣ್ಣೆ ಹಾಕುತ್ತಲೇ ಇರಬೇಕಾದೀತು.