ಚಿತ್ರಕಥೆಗಳೂ ನಮ್ಮ ಬಾಲಿಕೆಯರೂ

ಶಾಲೆಯ ಪುಸ್ತಕಭಂಡಾರದಲ್ಲಿ ಚಿತ್ರಕಥೆಗಳಿಗೆ ಎಡೆ ಇರಬೇಕೋ ಇರಬಾರದೋ ಎಂದು ಕೆಲವು ಪಾಲಕರು ನಮ್ಮನ್ನು ಕೇಳುತ್ತಿರುವರು. ಅವು ಕಾಲಹರಣಕ್ಕೆ ಮೂಲವೆಂದೂ ಓದಿನ ರುಚಿಯನ್ನು ಕೆಡಿಸುವವೆಂದೂ ಅವರ ಆಕ್ಷೇಪಣೆ. ಆದರೆ ತಮ್ಮ ಬಾಲ್ಯದಲ್ಲಿ ಇವನ್ನೇ ಪಾಠದ ಪುಸ್ತಕದ ಮರೆಯಲ್ಲಿಟ್ಟು ಓದಿದವರು ಈ ಪಾಲಕರಲ್ಲಿಯೂ ಇಲ್ಲದಿಲ್ಲ. ಆದುದರಿಂದ ಹಳೆಯ ಸಂಚಿಕೆಗಳ ಗುಣದೋಷಗಳನ್ನು ವಿವೇಚಿಸಿ ನಮ್ಮ ಅಭಿಪ್ರಾಯವನ್ನು ಹೇಳುವದು ಯುಕ್ತವೆಂದು ಬಗೆಯುತ್ತೇವೆ.

೧೯೬೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮುಂದೆ ಕನ್ನಡದಲ್ಲಿಯೂ ಬಂದಿತು, ೧೯೯೦ರಲ್ಲಿ ನಿಂತುಹೋಯಿತು. ಅದರ ಮುಖ್ಯ ವೀರನು ಲೀ ಫಾಕ್ ಎಂಬವರು ೧೯೩೬ರಲ್ಲಿ ಕಲ್ಪಿಸಿದ ಫ್ಯಾಂಟಮ್. ಮೂಲದಲ್ಲಿದ್ದ ‘ಬೆಂಗಾಲಾ’ ಎಂಬ ನಾಡಿನ ಹೆಸರು ನಮ್ಮ ಬಂಗಾಳವನ್ನು ನೆನಪಿಸುವದರಿಂದ ಇಲ್ಲಿ ಅದನ್ನು ‘ಡೆಂಕಾಲಿ’ ಎಂದು ಬದಲಿಸಿದರು. ದುರ್ಬಲರ ಪಕ್ಷ ವಹಿಸುವದೂ ಕೊಟ್ಟ ಮಾತಿಗೆ ತಪ್ಪದಿರುವದೂ ಈ ಕಥೆಗಳ ಗುಣ. ಆದರೆ ಕಾಡಿನ ಜನರೆಲ್ಲರೂ ಒಬ್ಬ ಬಿಳಿಯನ ರಕ್ಷಣೆಯನ್ನೇ ನಂಬಿ ಬಾಳುವದು ದೊಡ್ಡ ದೋಷ. ಡಯಾನಾ ಎಂಬಾಕೆ ವಿಶ್ವಸಂಸ್ಥೆಯಲ್ಲಿ ದುಡಿಯುವ ಧೀರೆ. ಆದರೂ ಎಷ್ಟೋ ಕಥೆಗಳಲ್ಲಿ ಆಕೆ ದುಷ್ಟರ ಕೈಸೇರಿ, ಬಿಡಿಸುವವನ ದಾರಿ ಕಾಯುವಳು.

ಅಮರಚಿತ್ರಕಥೆಯ ಬೇರು ಕರ್ನಾಟಕದಲ್ಲಿಯೇ ಇರುವದು. ೧೯೬೫ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಯತ್ನದಿಂದ ಅದು ಮೊದಲು ಕನ್ನಡದಲ್ಲಿ, ಪಾಶ್ಚಾತ್ಯ ಅದ್ಭುತಕಥೆಗಳ ರೂಪದಲ್ಲಿ ಹೊರಟಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಅದನ್ನು ನಮ್ಮ ಪುರಾಣ ಇತಿಹಾಸಗಳ ಕಡೆಗೆ ತಿರುಗಿಸಿದರು. ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಈ ಹೊಸ ದಾರಿ ಆರಂಭವಾಯಿತು. ಝಾನ್ಸಿಯ ರಾಣಿ, ಚಾಂದಬೀಬಿ, ಅಹಲ್ಯಾಬಾಯಿ ಹೋಳ್ಕರ ಇವರನ್ನು ಎಷ್ಟೋ ಬಾಲಿಕೆಯರು ಮೊದಲು ಕಂಡದ್ದು ಈ ಹಾಳೆಗಳಲ್ಲಿಯೇ. ಇದು ಸಣ್ಣ ಉಪಕಾರವಲ್ಲ. ಆದರೆ ಹಳೆಯ ಸಂಚಿಕೆಗಳ ಸ್ತ್ರೀಯರಲ್ಲಿ ಬಹುಮಂದಿ ಅರಮನೆಯವರು, ಇಲ್ಲವೆ ಸಾವಿತ್ರಿ ದಮಯಂತಿಯರಂತೆ ಪತಿಗಾಗಿ ಕಷ್ಟಪಟ್ಟವರು. ಹತ್ತಿಯ ಹೊಲದಲ್ಲಿ ದುಡಿಯುವ ತಾಯಿಯ ಮಗಳು ತನ್ನಂಥವಳನ್ನು ಅಲ್ಲಿ ಕಾಣುವದು ವಿರಳ.

ಹಾಗಾದರೆ ಇವನ್ನು ಬಹಿಷ್ಕರಿಸಬೇಕೇ? ಕೂಡದೆಂಬುದೇ ನಮ್ಮ ಮತ. ಉದ್ದ ಪಾಠಕ್ಕೆ ಹೆದರುವ ಮಗುವೂ ಚಿತ್ರದ ಕೈಹಿಡಿದು ಪುಟ ದಾಟುವದು. ಮನೆಯಲ್ಲಿ ಬೇರೆ ಪುಸ್ತಕವಿಲ್ಲದವಳಿಗೆ ಇದೇ ಓದಿನ ಹೊಸ್ತಿಲು. ನಿಷೇಧಿಸಿದರೆ ಅವಳು ಕದ್ದು ಓದುವಳು. ಆಗ ಕಥೆಯ ಗುಣದೋಷಗಳನ್ನು ಸಂಗಡ ಕುಳಿತು ವಿಚಾರಿಸುವವರು ಇರುವದಿಲ್ಲ. ನಮ್ಮ ಎದುರಿನಲ್ಲಿಯೇ ಓದಲಿ. ಓದಿದ ಮೇಲೆ, ಇಲ್ಲಿ ಬಿಡಿಸುವವರು ಯಾರು, ಬಿಡಿಸಲ್ಪಡುವವರು ಯಾರು, ಹೀಗೇಕೆ, ಎಂಬ ಮೂರು ಪ್ರಶ್ನೆಗಳನ್ನು ಕೇಳೋಣ.

ಇನ್ನು, ಉಳಿದ ಕೊರತೆಯನ್ನು ನಮ್ಮ ಬಾಲಿಕೆಯರೇ ತುಂಬಲಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿತ, ಜಾತಿಯ ಹೆಸರಿನಿಂದ ಜನ ಹಳಿದರೂ ಹಾಡು ಬಿಡದ ಗಂಗೂಬಾಯಿ ಹಾನಗಲ್ಲರ ಬಾಳು ಯಾವ ಅದ್ಭುತಕಥೆಗೆ ಕಡಿಮೆ? ಮುಖವಾಡವಿಲ್ಲ, ಮಂತ್ರದಂಡವಿಲ್ಲ; ಇದ್ದದ್ದು ಕಂಠ ಮತ್ತು ಹಟ. ಇಂಥ ಕಥೆಯನ್ನು ನಮ್ಮ ಮಕ್ಕಳು ಚೌಕಚೌಕವಾಗಿ ಬರೆಯಬಲ್ಲರು.

ಪೂರ್ವ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ನಿಮ್ಮ ಅಟ್ಟದ ಮೇಲೆ ಹಳೆಯ ಸಂಚಿಕೆಗಳಿದ್ದರೆ ರದ್ದಿಗೆ ಹಾಕದೆ ಶಾಲೆಗೆ ಕಳಿಸಿರಿ. ಸಂಗಡ ಒಂದು ಬಣ್ಣದ ಪೆಟ್ಟಿಗೆಯನ್ನೂ ಕಳಿಸಿರಿ.