ನೀರುಗುಳ್ಳೆಯ ಜಾಡು

ಮುಧೋಳ ಎಂದೊಡನೆ ರನ್ನನ ನಂತರ ನೆನಪಾಗುವುದು ನಾಯಿ. ಮಾಲೋಜಿರಾವ ಘೋರ್ಪಡೆ ಮಹಾರಾಜರು ಬೆಳೆಸಿದ ಆ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯನ್ನೂ ಏರಿತು. ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೂ ಇದೆ. ಜಮಖಂಡಿ, ಬೀಳಗಿ ಕಡೆಯ ಕುರಿಗಾರರು ತಳಿಯ ಗೊಡವೆಗೆ ಹೋಗುವವರಲ್ಲ. ಹಟ್ಟಿ ಕಾಯಲು ಯಾವ ನಾಯಿಯಾದರೂ ಸರಿ. ಕುರಿ ಮತ್ತು ನಾಯಿ ಕೂಡಿರುವಲ್ಲಿ ಎಕಿನೊಕಾಕಸ್ ಎಂಬ ಲಾಡಿಹುಳು ಸೇರಿಕೊಳ್ಳಬಹುದು. ಲಿವರಿನಲ್ಲಿ ಹೈಡಾಟಿಡ್ ಗಡ್ಡೆ ಮಾಡುವುದು ಇದೇ.

ನಾಯಿಯ ಕರುಳಿನಲ್ಲಿ ಹುಳು ಕೆಲವೇ ಮಿಲಿಮೀಟರ್ ಉದ್ದ. ನಾಯಿಗೆ ಅದರಿಂದ ತೊಂದರೆಯೇ ಕಾಣದು. ಮಲದೊಡನೆ ಬಿದ್ದ ಮೊಟ್ಟೆ ಹುಲ್ಲಿಗೆ ಅಂಟಿ ಕುರಿಯ ಹೊಟ್ಟೆ ಸೇರುತ್ತದೆ, ಲಿವರಿನಲ್ಲೋ ಪುಪ್ಪುಸದಲ್ಲೋ ನೀರು ತುಂಬಿದ ಗುಳ್ಳೆಯಾಗುತ್ತದೆ. ಜಾತ್ರೆಯಲ್ಲಿ ಕುರಿ ಕೊಯ್ದು, ಗುಳ್ಳೆಯಿದ್ದ ತುಂಡನ್ನು ನಾಯಿಗೆ ಎಸೆದರೆ ಸುತ್ತು ಪೂರ್ಣ. ಮನುಷ್ಯ ಈ ಸುತ್ತಿಗೆ ಬೇಕಿಲ್ಲದ ಅತಿಥಿ.

ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೂ ದಾರಿ ಅದೇ. ಕರುಳಿನ ರಕ್ತವೆಲ್ಲ ಮೊದಲು ಲಿವರಿಗೆ, ಅಲ್ಲಿಂದ ಹೃದಯದ ಮೂಲಕ ಪುಪ್ಪುಸಕ್ಕೆ ಹೋಗುತ್ತದೆ. ಹೀಗಾಗಿ ಸುಮಾರು ಶೇ. 70ರಷ್ಟು ಗುಳ್ಳೆಗಳು ಲಿವರಿನಲ್ಲೇ ನಿಲ್ಲುತ್ತವೆ, ಶೇ. 20ರಷ್ಟು ಪುಪ್ಪುಸದಲ್ಲಿ. ಈ ಎರಡು ಜರಡಿಗಳನ್ನೂ ದಾಟಿ ಮೇದೋಜೀರಕ ಗ್ರಂಥಿಗೆ ಬಂದು ಕೂರುವುದು ಬಹಳ ಅಪರೂಪ. ಕೂತರೆ ಪಿತ್ತನಾಳವನ್ನು ಒತ್ತಿ ಕಾಮಾಲೆ ತರಬಹುದು. ಸ್ಕ್ಯಾನ್ ನೋಡಿದವರು ಕ್ಯಾನ್ಸರೆಂದೇ ಭಾವಿಸಬಹುದು.

ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಜ್ವರವಿಲ್ಲ, ಹೆಚ್ಚು ನೋವಿಲ್ಲ, ಬಲಗಡೆ ಭಾರ ಅಷ್ಟೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಅಮೀಬಾದ ಕೀವುಗಡ್ಡೆ ಇದೆಂದು ತಿಳಿದು ಅವಸರದಲ್ಲಿ ಸೂಜಿ ಚುಚ್ಚಿದರೆ ಅನಾಹುತ. ಸೋರಿದ ನೀರಿಗೆ ದೇಹ ಅಲರ್ಜಿಯಿಂದ ಸಿಡಿದೆದ್ದು ನಿಮಿಷಗಳಲ್ಲಿ ರಕ್ತದೊತ್ತಡ ಕುಸಿಯಬಹುದು. ಚೆಲ್ಲಿದ ಕಣಗಳು ಹೊಟ್ಟೆ ತುಂಬ ಹೊಸ ಗುಳ್ಳೆಗಳಾಗಬಹುದು. ಆದ್ದರಿಂದ ಆಪರೇಷನ್ನಿನಲ್ಲಿ ಕೊಯ್ಯುವುದಕ್ಕಿಂತ ಚೆಲ್ಲದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಮೊದಲೇ ಆಲ್ಬೆಂಡಜೋಲ್ ಮಾತ್ರೆ ಕೊಟ್ಟಿರುತ್ತಾರೆ. ಗುಳ್ಳೆಯ ಸುತ್ತ ಗಾಢ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಒತ್ತುತ್ತಾರೆ, ಒಳಗಿನ ನೀರು ಹೀರುತ್ತಾರೆ. ಹೀರಿದ್ದರಲ್ಲಿ ಪಿತ್ತದ ಹಳದಿ ಕಂಡರೆ ಹುಳು ಕೊಲ್ಲುವ ದ್ರಾವಣ ಒಳಗೆ ಬಿಡುವಂತಿಲ್ಲ; ಅದು ಪಿತ್ತನಾಳಗಳನ್ನೇ ಸುಡುತ್ತದೆ. ಕೊನೆಗೆ, ಬೇಯಿಸಿದ ಮೊಟ್ಟೆಯ ಬಿಳಿಭಾಗದಂಥ ಪೊರೆ ಹೊರಬರುತ್ತದೆ. ಉಳಿದ ಪೊಳ್ಳಿಗೆ ಹೊಟ್ಟೆಯೊಳಗಿನದೇ ಕೊಬ್ಬಿನ ಪದರ ತುಂಬುತ್ತಾರೆ. ಅಲರ್ಜಿ ಸಿಡಿದೆದ್ದರೆ ಬೇಕಾಗುತ್ತದೆಂದು ಅರಿವಳಿಕೆ ವೈದ್ಯರ ಕೈಯಳತೆಯಲ್ಲಿ ಅಡ್ರಿನಲಿನ್ ಇದ್ದೇ ಇರುತ್ತದೆ. ಕೆಲವು ಗುಳ್ಳೆಗಳನ್ನು ಸ್ಕ್ಯಾನ್ ನೋಡುತ್ತ, ಸಿದ್ಧತೆಯೊಡನೆ ಸೂಜಿಯಿಂದಲೇ ಗುಣಪಡಿಸುವುದೂ ಉಂಟು. ಸತ್ತು ಸುಣ್ಣಗಟ್ಟಿದ್ದನ್ನು ಮುಟ್ಟದೆ ಬಿಡುವುದು ಜಾಣತನ.

ಮಾಂಸ ತಿಂದರೆ ಈ ರೋಗ ಬರುತ್ತದೆಂಬುದು ತಪ್ಪು. ಬರುವುದು ನಾಯಿಯ ಮಲದಲ್ಲಿನ ಮೊಟ್ಟೆಯಿಂದ. ಕುರಿ ಮುಟ್ಟದ, ಮಾಂಸ ತಿನ್ನದ ಬನಹಟ್ಟಿಯ ನೇಕಾರನಿಗೂ ಬರಬಹುದು. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಿಕೆ ಸೊಪ್ಪು ತಿನ್ನುವ ಸೀಮೆ ನಮ್ಮದು. ಚೆನ್ನಾಗಿ ತೊಳೆಯದಿದ್ದರೆ ಅಷ್ಟೇ ಸಾಕು. ಮೊಟ್ಟೆ ಒಣ ಬಿಸಿಲಿಗೆ ಬೇಗ ಸಾಯುತ್ತದೆ, ತಂಪಿನ ತೇವದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕಾಲುವೆ ನೀರಿನ ಕಬ್ಬಿನ ನೆಲದಲ್ಲಿ ತೇವಕ್ಕೇನು ಬರ? (ಮುಧೋಳದ ತಳಿಯ ಮೇಲೆ ಗೂಬೆ ಕೂರಿಸುವುದು ಬೇಡ. ಜಂತಿನ ಮಾತ್ರೆ ತಿಂದು ಮನೆಯಲ್ಲೇ ಉಣ್ಣುವ ನಾಯಿಗಿಂತ, ಕೊಯ್ಯುವ ಜಾಗದಲ್ಲಿ ಅಲೆಯುವ ಬೀದಿನಾಯಿಯೇ ಇಲ್ಲಿ ಮುಖ್ಯ.)

ಐಸ್‌ಲ್ಯಾಂಡಿನಲ್ಲಿ ಈ ರೋಗ ಮನೆಮನೆಯಲ್ಲಿತ್ತು. 1863ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಅಲ್ಲಿ ಕೊಯ್ದು ನೋಡಿದ ನಾಯಿಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಹುಳುವಿನವು. ಕುರಿಯ ಕೆಟ್ಟ ಅಂಗ ನಾಯಿಗೆ ಹಾಕಬೇಡಿ ಎಂದು ಅವನು ಬರೆದ ಪುಸ್ತಿಕೆಯನ್ನು ಮನೆಮನೆಗೆ ಹಂಚಿದರು, ಕಾನೂನುಗಳೂ ಬಂದವು. ಆಲ್ಬೆಂಡಜೋಲ್ ಹುಟ್ಟುವ ಎಷ್ಟೋ ಮೊದಲೇ ರೋಗ ಆ ನಾಡಿನಿಂದ ಕಾಲ್ತೆಗೆಯಿತು.

ನಮ್ಮಲ್ಲಿ ಗುಳ್ಳೆ ತೆಗೆಸಿಕೊಂಡವನಿಗೆ ಮಾತ್ರೆ ಬರೆದು ಮನೆಗೆ ಕಳಿಸುತ್ತಾರೆ. ಅದೇ ಚೀಟಿಯ ಕೆಳಗೆ ‘ನಾಯಿಗೆ ಪ್ರಾಜಿಕ್ವಾಂಟೆಲ್ ಹಾಕಿಸಿ, ಕೆಟ್ಟ ಲಿವರು ಆಳಕ್ಕೆ ಹೂಳಿರಿ’ ಎಂದೂ ಬರೆಯಲಿ. ಕುರಿಗಾರ ನಗುವುದಿಲ್ಲ. ಕುರಿಗೆ ಜಂತಿನ ಔಷಧಿ ಕುಡಿಸುವುದು ಅವನಿಗೆ ಹೊಸತೇನಲ್ಲ.