ಕೈ ತೊಳೆಯುವುದೂ ಒಂದು ವಿದ್ಯೆ, ಸ್ವಾಮಿ!

ಆಟಿಸಂ ಇರುವ ಮಗುವಿನ ತಂದೆ-ತಾಯಿಗೆ ನಮ್ಮಲ್ಲಿ ಪುಕ್ಕಟೆ ಸಿಗುವುದು ಸಲಹೆಯೊಂದೇ. 'ಎರಡು ಬಿಗೀರಿ, ಹಟ ಬಿಡುತ್ತೆ' ಎನ್ನುವವರು ಒಂದು ಕಡೆ. 'ಹರಕೆ ಹೊತ್ಕೊಳ್ಳಿ' ಎನ್ನುವವರು ಇನ್ನೊಂದು ಕಡೆ. ಕಲಿಸಿದರೆ ಈ ಮಕ್ಕಳೂ ಕಲಿಯುತ್ತಾರೆ ಎನ್ನುವವರು ಮಾತ್ರ ಅಪರೂಪ.

ಕಲಿಸುವ ದಾರಿಗಳಲ್ಲಿ ಒಂದು ಎಬಿಎ, ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್. ಹೆಸರು ಭಾರೀ, ವಿಷಯ ಸರಳ. ಕೈ ತೊಳೆಯುವುದು ನಮಗೆ ಒಂದು ಕೆಲಸ, ಆ ಮಗುವಿಗೆ ಏಳು. ನಲ್ಲಿ ತಿರುಗಿಸು, ಕೈ ನೆನೆಸು, ಸೋಪು ಹಚ್ಚು, ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸಿಕೋ. ಒಂದೊಂದನ್ನೂ ಮೊದಲು ಕೈಹಿಡಿದು ಮಾಡಿಸಬೇಕು, ಬರಬರುತ್ತಾ ಕೈ ಬಿಡಬೇಕು. ಮಾಡಿದ ತಕ್ಷಣ ಮಗುವಿಗೆ ಇಷ್ಟವಾದದ್ದು ಸಿಗಬೇಕು: ಒಂದು ಶಹಭಾಸ್, ಒಂದು ಆಟಿಕೆ, ಒಂದು ಸುತ್ತು ಉಯ್ಯಾಲೆ. ಸಹಾಯವಿಲ್ಲದೆ ಎಷ್ಟು ಸಲ ಮಾಡಿತು ಅಂತ ದಿನಾ ಬರೆದಿಡಬೇಕು. ವಾರಗಟ್ಟಲೆ ಮುಂದುವರಿಯದಿದ್ದರೆ ಬೈಯಬೇಕಾದ್ದು ಮಗುವನ್ನಲ್ಲ, ಬದಲಿಸಬೇಕಾದ್ದು ಕಲಿಸುವ ಕ್ರಮವನ್ನು.

ಹಾಗಂತ ಇದೇನು ಮಂತ್ರದಂಡವಲ್ಲ. ವಾರಕ್ಕೆ 40 ಗಂಟೆ ಕಲಿಸಿದ 19 ಮಕ್ಕಳಲ್ಲಿ 9 ಮಂದಿ ಮಾಮೂಲಿ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದರೆಂದು ಅಮೆರಿಕದ ಲೋವಾಸ್ 1987ರಲ್ಲಿ ಪ್ರಕಟಿಸಿದರು. ಆದರೆ ಅದೇ ಪ್ರಯೋಗದಲ್ಲಿ ಗದರಿಕೆ, ತೊಡೆಗೆ ಏಟು ಕೂಡ ಇದ್ದವು. ಆಟಿಸಂ ಜೊತೆಯೇ ಬೆಳೆದು ದೊಡ್ಡವರಾದ ಎಷ್ಟೋ ಮಂದಿ, ಇಂಥ ತರಬೇತಿ ತಮಗೆ ಕಲಿಸಿದ್ದು ಬೇರೆಯವರಂತೆ ನಟಿಸುವುದನ್ನು ಎಂದು ಇಂದು ದೂರುತ್ತಾರೆ. ಕೇಳಬೇಕಾದ ಮಾತೇ. ಮಗು ಖುಷಿಗೆ ಕೈ ಬಡಿದರೆ ಯಾರಿಗೇನು ನಷ್ಟ? ಉಣ್ಣಲು, ಉಡಲು, ನೀರು ಬೇಕೆಂದು ಕೇಳಲು ಕಲಿಸಿ, ಸಾಕು.

ತಂದೆ-ತಾಯಿಗೆ ಒಂದು ಮಾತು. 'ಗ್ಯಾರಂಟಿ ಗುಣ' ಎನ್ನುವವರಿದ್ದರೆ ಹುಷಾರ್! ಒಳಗೆ ಕೂತು ನೋಡಲು ಬಿಡದಿದ್ದರೆ, ಬರೆದಿಟ್ಟ ಲೆಕ್ಕ ತೋರಿಸದಿದ್ದರೆ, ಮಗುವಿನ ಮೇಲೆ ಕೈ ಮಾಡಿದರೆ ಎದ್ದು ಬನ್ನಿ.

ಇನ್ನು ಸರ್ಕಾರದ ಪಾಲು. ಮಕ್ಕಳ ತೊಂದರೆಯನ್ನು ಬೇಗ ಗುರುತಿಸಲೆಂದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ಜಿಲ್ಲೆಗೊಂದು ಶೀಘ್ರ ಚಿಕಿತ್ಸಾ ಕೇಂದ್ರ ಅದರ ಭಾಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಕಾಗದದಲ್ಲಿ ಎಲ್ಲ ಇದೆ, ಸರಿ. ಕೇಂದ್ರದಲ್ಲಿ ಕಲಿಸುವವರು ಇದ್ದಾರೆಯೇ? ತಾಯಂದಿರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಈ ಕ್ರಮ ಹೇಳಿಕೊಡುತ್ತಾರೆಯೇ? ಕೂಲಿ ಮಾಡುವವರ ಮಗು ಕೈ ತೊಳೆಯುವುದನ್ನು ಕಲಿಯಲು ಬೆಂಗಳೂರಿನ ಬಸ್ಸು ಹತ್ತಬೇಕೆ?

ಜಿಲ್ಲಾ ಆರೋಗ್ಯಾಧಿಕಾರಿಗಳು ಉತ್ತರಿಸಲಿ.